ಎಂಟು ಕಾಲಿನ ಚಿಪ್ ಮತ್ತು ಸುಬ್ರಾಯಣ್ಣನ ಮೂಗು

‘ಮಾಷ್ಟ್ರೆ, ನನ್ನ ಮೂಗು ಹೋಯ್ತು.’

ನಾಸಿಕ್‌ನ ಪಂಚವಟಿಯಲ್ಲಿ ನಾನು ದಿನಾ ತಿಂಡಿ ತಿನ್ನುವ ಹೋಟೆಲಿನ ಅಡುಗೆಭಟ್ಟರು ಸುಬ್ರಾಯಣ್ಣ ಹೀಗೆಂದಾಗ ಅವರ ಮುಖ ನೋಡಿದೆ. ಮೂಗು ಇದ್ದಲ್ಲೇ ಇತ್ತು. ಜ್ವರ ಬಂದು ಬಿಟ್ಟ ಮೇಲೆ ವಾಸನೆ ಮಾತ್ರ ಹೊರಟುಹೋಗಿತ್ತು. ಇಂಗು, ಕರಿಬೇವು, ಸೀದ ಎಣ್ಣೆ, ಯಾವುದೂ ತಿಳಿಯದು.

ನಿಮಗೋ ನನಗೋ ಹೀಗಾದರೆ ಊಟ ಸಪ್ಪೆ ಅನಿಸುತ್ತದೆ, ಅಷ್ಟೆ. ಸುಬ್ರಾಯಣ್ಣ ಉಡುಪಿ ಕಡೆಯ ಹಳೇ ಪದ್ಧತಿಯವರು. ದೇವರಿಗೆ ನೈವೇದ್ಯ ಆಗುವ ತನಕ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವುದಿಲ್ಲ. ಉಪ್ಪು ಸರಿಯಾಯಿತೋ, ಹುಳಿ ಹೆಚ್ಚಾಯಿತೋ, ಎಲ್ಲ ತೀರ್ಮಾನವೂ ಪಾತ್ರೆಯ ಆವಿಗೆ ಮೂಗು ಒಡ್ಡಿಯೇ ಆಗಬೇಕು.

‘ಅಡುಗೆ ಹೇಗೋ ಕೈಯಳತೆಯಲ್ಲಿ ನಡೀತದೆ. ಹೆದರಿಕೆ ಗ್ಯಾಸಿಂದು’ ಎಂದರು. ‘ಬೆಳಿಗ್ಗೆ ಒಬ್ಬನೇ ಬಂದು ಒಲೆ ಹಚ್ಚುದು ನಾನು. ಲೀಕ್ ಆದ್ರೆ ಗೊತ್ತೇ ಆಗುದಿಲ್ಲ. ನೀವು ಅದೆಂತದೋ ಸರ್ಕೀಟು ಮಾಡ್ತೀರಲ್ಲ, ನನಗೊಂದು ಮಾಡಿ ಕೊಡಿ. ದೊಡ್ಡದೆಲ್ಲ ಬೇಡ. ನನಗೆ ಕೇಳುವ ಹಾಗೆ ಒಂದು ಸಣ್ಣ ಕುಂಯ್ ಅಂದ್ರೆ ಸಾಕು. ಧಣಿಗಳಿಗೆ ಮಾತ್ರ ಗೊತ್ತಾಗುದು ಬೇಡ.’

(ಮೂಗಿಲ್ಲದ ಭಟ್ಟರನ್ನು ಯಾವ ಧಣಿ ಇಟ್ಟುಕೊಳ್ಳುತ್ತಾನೆ?)

ನಾನು ಐಟಿಐ ಮೇಷ್ಟರು. ಸಂಜೆ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂರುವುದು ನನ್ನ ಚಟ. ಗ್ಯಾಸಿನ ಸೆನ್ಸರ್ ಸುಲಭವಾಗಿ ಸಿಕ್ಕಿತು. ಆದರೆ ಅದು ಹೇಳಿದ್ದನ್ನು ಕೇಳಿಸಿಕೊಂಡು ‘ಇದು ಅಪಾಯ, ಕೂಗು’ ಎಂದು ತೀರ್ಮಾನಿಸಲು ಒಂದು ಮಿದುಳು ಬೇಕಲ್ಲ? ಅದೇ ಮೈಕ್ರೋಕಂಟ್ರೋಲರ್. ನನ್ನ ಡ್ರಾಯರಿನಲ್ಲೇ ಒಂದಿತ್ತು. ಹುಣಸೆಬೀಜದಷ್ಟು ಗಾತ್ರ, ಎಂಟು ಕಾಲು. ಕುಂಯ್ ಎನ್ನಲು ಒಂದು ಬಝರ್ ಸೇರಿಸಿದರೆ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಸಾಕು ಎಂದ ಮೇಲೆ ಸುಮ್ಮನಿರಬೇಕಿತ್ತು. ಇದ್ದೆನೇ? ಇಂಟರ್‌ನೆಟ್ಟಿಗೆ ಹೋಗಿ ‘ಯಾವುದು ಬೆಸ್ಟ್’ ಎಂದು ಕೇಳಿದೆ. ಅಯ್ಯೋ, ಅಲ್ಲಿ ಜಗಳವೋ ಜಗಳ! ಒಬ್ಬನಿಗೆ ಇದರ ಮೆಮೊರಿ ಸಾಲದು, ಇನ್ನೊಬ್ಬನಿಗೆ ಇದರ ಸ್ಪೀಡು ಸಾಲದು. ಯಾರಿಗೆ, ಯಾತಕ್ಕೆ ಮಾಡುತ್ತಿದ್ದೀಯಪ್ಪಾ ಎಂದು ಒಬ್ಬನೂ ಕೇಳಲಿಲ್ಲ.

ಆ ಭಾನುವಾರ ಸಂಭಾಜಿನಗರಕ್ಕೆ ಹೋಗಿದ್ದೆ. ಮಗಳು ಅಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ನಾವು ಧಾರವಾಡದವರು, ಅವಳು ಹುಟ್ಟಿ ಬೆಳೆದದ್ದು ನಾಸಿಕ್. ಅವಳ ಕನ್ನಡಕ್ಕೆ ಮೂರು ಭಾಷೆಯ ಒಗ್ಗರಣೆ. ಚಿಪ್ ನೋಡಿ ನಕ್ಕುಬಿಟ್ಟಳು.

‘ಪಪ್ಪಾ, ಹೇ ಕಾಯ್, ಏನಿದು? ಇದ್ರಾಗ ವೈಫೈನೇ ಇಲ್ಲ! ಫೋನಿಗೆ ಅಲರ್ಟ್ ಹೆಂಗ್ ಬರತದ? ಬಝರ್ ಅಂದ್ರ ಏಕದಮ್ ಓಲ್ಡ್.’

ಓಲ್ಡ್! ಐವತ್ತು ದಾಟಿದವನಿಗೆ ಈ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಅಲ್ಲಿಯ ಅಂಗಡಿಯಲ್ಲೇ ವೈಫೈ ಇರುವ ಬೋರ್ಡ್ ಕೊಂಡೆ. ಬಝರ್ ಕೈಬಿಟ್ಟೆ. ಮನೆಯಲ್ಲಿ ಸಿಗರೇಟು ಲೈಟರಿನ ಗ್ಯಾಸ್ ಬಿಟ್ಟು ನೋಡಿದರೆ ಫೋನು ಒಳ್ಳೇ ಅಂಬ್ಯುಲೆನ್ಸಿನಂತೆ ಅರಚಿತು. ಹಿಗ್ಗಿ ಹೀರೇಕಾಯಿಯಾದೆ.

ವೈಫೈ ಅಂದ ಮೇಲೆ ಪಾಸ್‌ವರ್ಡ್ ಬೇಕು. ಅದಿದ್ದದ್ದು ಧಣಿಗಳ ಹತ್ತಿರ. ಯಾಕೆ ಎಂದರು. ‘ಸೇಫ್ಟಿಗೆ’ ಎಂದೆ. ‘ಒಳ್ಳೇದಾಯ್ತು, ನನ್ನ ಮೊಬೈಲಿಗೂ ಬರುವ ಹಾಗೆ ಮಾಡಿ’ ಎಂದರು. ಇಲ್ಲ ಎನ್ನಲಾಗದೆ ಮಾಡಿಕೊಟ್ಟೆ. ಮಧ್ಯಾಹ್ನ ಕೆಲಸ ಮುಗಿಸಿ, ಅಂಗಿ ಹಾಕಿಕೊಂಡು ಕೂತಿದ್ದ ಸುಬ್ರಾಯಣ್ಣನ ಜೇಬಿನ ಫೋನಿಗೂ ಜೋಡಿಸಿಕೊಟ್ಟೆ. ಅವರು ಫೋನನ್ನೂ ನನ್ನನ್ನೂ ನೋಡಿದರು. ‘ಕುಂಯ್ ಅನ್ನುದಿಲ್ವಾ?’ ಎಂದರು. ‘ಅದಕ್ಕಿಂತ ಜೋರಾಗಿ ಕೂಗುತ್ತದೆ’ ಎಂದೆ.

ಕೂಗಿತು, ಕಳೆದ ವಾರ.

ಆ ಬೆಳಿಗ್ಗೆ ಸುಬ್ರಾಯಣ್ಣ ಎಂದಿನಂತೆ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಬರಿಮೈಯಲ್ಲಿ ಅಡುಗೆಮನೆಗೆ ಬಂದಿದ್ದಾರೆ. ಅಂಗಿ ಹೊರಗಿನ ಮೊಳೆಯಲ್ಲಿ. ಫೋನು ಅಂಗಿಯ ಜೇಬಿನಲ್ಲಿ. ನೈವೇದ್ಯ ಆಗುವ ತನಕ ಎರಡನ್ನೂ ಅವರು ಮುಟ್ಟುವುದಿಲ್ಲ. ಮಡಿ ಪಂಚೆಗೆ ಜೇಬೆಲ್ಲಿಂದ ಬರಬೇಕು? ವರ್ಷಗಟ್ಟಲೆ ಅವರನ್ನು ಅದೇ ವೇಷದಲ್ಲಿ ನೋಡುತ್ತ ಇಡ್ಲಿ ತಿಂದವನು ನಾನು. ನನಗೆ ಹೊಳೆಯಲೇ ಇಲ್ಲ.

ಒಂದು ಒಲೆಯ ತಿರುಪು ರಾತ್ರಿ ಸರಿಯಾಗಿ ಮುಚ್ಚಿರಲಿಲ್ಲ. ಅವರು ಒಳಬಂದು ಸಿಲಿಂಡರ್ ತೆರೆದು, ಪಾತ್ರೆ ಸರಿಸುವ ಹೊತ್ತಿಗೆ ಗ್ಯಾಸು ಏರಿ, ಎರಡೂ ಫೋನು ಅರಚಿವೆ. ಒಂದು ಹೊರಗಿನ ಮೊಳೆಯಲ್ಲಿ, ಎಕ್ಸಾಸ್ಟ್ ಫ್ಯಾನಿನ ಸದ್ದಿನಾಚೆ. ಇನ್ನೊಂದು ಮಹಡಿಯ ಮೇಲೆ ಧಣಿಗಳ ದಿಂಬಿನ ಪಕ್ಕ. ಧಣಿಗಳು ಬಿದ್ದೂ ಎದ್ದೂ ಇಳಿದು ಬಂದರೆ, ಮೂಗು ಮುಚ್ಚಿಕೊಳ್ಳುವಷ್ಟು ನಾತ. ಅದರ ನಡುವೆ ಸುಬ್ರಾಯಣ್ಣ ನೆಮ್ಮದಿಯಾಗಿ ಲೈಟರ್ ಎತ್ತಿಕೊಳ್ಳುತ್ತಿದ್ದರು.

‘ಹಚ್ಬೇಡಾ!’

ಹಚ್ಚಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಕಿಟಕಿ ತೆರೆದು, ಗ್ಯಾಸು ಹೋದ ಮೇಲೆ ಧಣಿಗಳು ಕೇಳಿದ್ದು ಒಂದೇ ಮಾತು. ‘ಸುಬ್ರಾಯಾ, ಇಷ್ಟು ನಾತ ನಿನಗೆ ಬರ್ಲೇ ಇಲ್ವಾ?’

ಧಣಿಗಳನ್ನು ಬೈಯಲಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಕೆಲಸದಿಂದ ತೆಗೆಯಲಿಲ್ಲ, ಸಂಭಾಜಿನಗರದ ತಮ್ಮನ ಹೋಟೆಲಿಗೆ ಕಳಿಸಿದರು. ಕೂಪನ್ ಕೊಡುವ ಕೆಲಸ. ಕೂತಲ್ಲೇ ಸಂಬಳ. ‘ನಸೀಬು ಮಾಡಿದ್ದ’ ಎಂದು ಸಪ್ಲೈಯರುಗಳು ಮಾತಾಡಿಕೊಂಡರು.

ಈಗಿನ ಕಾಲವೇ ಹಾಗೆ ಅನಿಸುತ್ತದೆ. ಕೈಗಡಿಯಾರ ನಮ್ಮ ನಿದ್ದೆಯನ್ನು ವರದಿ ಮಾಡುತ್ತದೆ, ಕಾರು ನಮ್ಮ ಬ್ರೇಕನ್ನು ವರದಿ ಮಾಡುತ್ತದೆ. ಮನುಷ್ಯ ತನ್ನ ಒಂದು ಊನವನ್ನು ತನ್ನಷ್ಟಕ್ಕೆ ನಿಭಾಯಿಸಿಕೊಂಡು ಬದುಕುತ್ತೇನೆಂದರೆ ಅದಕ್ಕೆ ತಕ್ಕ ಮಾಡೆಲ್ ಮಾರ್ಕೆಟ್ಟಿನಲ್ಲಿಲ್ಲ. ಇದ್ದರೂ ನಾವು ಅದನ್ನು ಓಲ್ಡ್ ಎನ್ನುತ್ತೇವೆ.

ಮೊನ್ನೆ ಕೂತು ಆ ಎಂಟು ಕಾಲಿನ ಚಿಪ್‌ಗೆ ಬಝರ್ ಜೋಡಿಸಿದೆ. ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿ, ಪರೀಕ್ಷಿಸಲು ಒಂದು ಗುಂಡಿಯನ್ನೂ ಇಟ್ಟೆ. ಒಂದೇ ಸಂಜೆಯಲ್ಲಿ ಮುಗಿಯಿತು. ಬಸ್ಸು ಹತ್ತಿ ಸಂಭಾಜಿನಗರಕ್ಕೆ ಒಯ್ದೆ. ಸುಬ್ರಾಯಣ್ಣ ಇಸ್ತ್ರಿ ಅಂಗಿ ತೊಟ್ಟು ಕೌಂಟರಿನಲ್ಲಿ ಕೂತಿದ್ದರು. ಜೇಬಿನಲ್ಲಿ ಫೋನು ಇತ್ತು. ಒಳಗಿನ ಅಡುಗೆಮನೆಗೆ ಈಗ ಅವರು ಹೋಗುವುದಿಲ್ಲ.

ಪೆಟ್ಟಿಗೆಯ ಗುಂಡಿ ಒತ್ತಿದರು. ಅದು ಕುಂಯ್ ಎಂದಿತು. ಇನ್ನೊಮ್ಮೆ ಒತ್ತಿದರು. ಆಮೇಲೆ ಅದನ್ನು ನನ್ನ ಕಡೆಗೇ ಸರಿಸಿದರು.

‘ನಾನು ಕೇಳಿದ್ದು ಇಷ್ಟೇ ಅಲ್ವಾ, ಮಾಷ್ಟ್ರೆ?’