ಆಯುಧ ಪೂಜೆಗೆ ತೊಳೆದ ತೊಟ್ಟಿಗಳು

ಚಾಮರಾಜನಗರದ ಹೊರಗೆ ಒಂದು ಬಾಡಿಗೆ ಶೆಡ್ಡಿನಲ್ಲಿ ನಾವು ಕಲ್ಲಿನಿಂದ ತಾಮ್ರ ತೆಗೆಯುವ ಪ್ರಯೋಗ ನಡೆಸುತ್ತಿದ್ದೆವು. ನಾವು ಎಂದರೆ ನಾನು, ಮತ್ತು ಗುಂಡ್ಲುಪೇಟೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಒಬ್ಬ ಹೆಂಗಸು. ಚೆಂಡು ಹೂ ಬಿಡಿಸುವ ಕೂಲಿ ಬಿಟ್ಟು ಬಂದಿದ್ದರು. ನೆರಳಲ್ಲಿ ಮಾಡುವ ಮೊದಲ ಕೆಲಸ ಇದೇ ಎಂದು ಅವರಿಗೆ ಆ ಶೆಡ್ಡಿನ ಮೇಲೆ ನನಗಿಂತ ಹೆಚ್ಚು ಪ್ರೀತಿ.

ಹೊರಗಿನಿಂದ ತರಿಸಿದ ಅದಿರು ಮಹಾ ಮೊಂಡು. ಬರೀ ಆಸಿಡ್ಡಿಗೆ ಜಗ್ಗುವ ಜಾತಿಯಲ್ಲ. ಕಬ್ಬಿಣ, ಗಂಧಕ ತಿಂದು ಬದುಕುವ ಸೂಕ್ಷ್ಮಜೀವಿಗಳನ್ನು ಆಸಿಡ್ ನೀರಿನಲ್ಲಿ ಸಾಕಿ, ತೊಟ್ಟಿಗಳಲ್ಲಿ ತುಂಬಿದ ಕಲ್ಲಿನ ಮೇಲೆ ಬಿಡಬೇಕು. ಅವು ಕಲ್ಲನ್ನು ಸಡಿಲಿಸಿದರೆ ತಾಮ್ರ ಕರಗಿ ನೀರು ನೀಲಿಯಾಗುತ್ತದೆ. ತಿಂಗಳುಗಟ್ಟಲೆ ಕಾದ ಮೇಲೆ ತೆಳು ನೀಲಿ ಇಣುಕಿತ್ತು. ಹಬ್ಬ ಕಳೆದ ಮೇಲೆ, ಪ್ರಯೋಗಕ್ಕೆ ಹಣ ಹಾಕಿದ್ದ ಮಾಲೀಕರು ನೋಡಲು ಬರುವವರಿದ್ದರು. ಬಣ್ಣ ಏರಿದ್ದರೆ ಸರಿ, ಇಲ್ಲದಿದ್ದರೆ ಶೆಡ್ಡಿಗೆ ಬೀಗ, ನಾವಿಬ್ಬರೂ ಮನೆಗೆ.

ಆಯುಧ ಪೂಜೆಯ ದಿನ ನಾನು ಬರುವಷ್ಟರಲ್ಲಿ ಅಕ್ಕ ಬಾಗಿಲು ತೆಗೆದಿದ್ದರು. ತೊಟ್ಟಿಗಳು ಥಳಥಳ ಹೊಳೆಯುತ್ತಿದ್ದವು. ಅಂಚಿಗೆ, ಕಲ್ಲಿಗೆ ಅಂಟಿದ್ದ ಹಳದಿ ಲೋಳೆ ಒಂದು ಚೂರೂ ಇಲ್ಲ. ಪ್ರತಿ ತೊಟ್ಟಿಗೂ ಮೂರೆಳೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ.

“ಏನ್ ಪಾಚಿ ಕಟ್ಕಂಡಿತ್ತು ಅಂತೀರಾ ಸಾರ್! ಕಲ್ಲ್ನೂ ಬುಡ್ನಿಲ್ಲ, ಸೋಪಿನ್ ಪುಡಿ ಹಾಕಿ ಉಜ್ಜಿ ತೊಳ್ದುಬುಟ್ಟೆ. ನೀರ್ ಮಾತ್ರ ಚೆಲ್ನಿಲ್ಲ, ಎತ್ತಿಟ್ಟು ಮತ್ತೆ ಸುರ್ದಿವ್ನಿ.”

ಆ ಪಾಚಿಯಲ್ಲೇ ಇದ್ದವು ನನ್ನ ಜೀವಿಗಳು; ಅದನ್ನು ಅವರಿಗೆ ನಾನು ಹೇಳಿರಲೇ ಇಲ್ಲ. ಸೋಪು ತಾಕಿದರೆ ಅವು ಬದುಕುವುದಿಲ್ಲ. ಕೋಪ ನೆತ್ತಿಗೇರಿತು. ಆದರೆ ಯಾರ ಮೇಲೆ ಇಳಿಸಲಿ? ಹಬ್ಬದ ದಿನ ಮೊದಲ ಬಸ್ಸಿಗೆ ಬಂದು ಮಂಡಿಯೂರಿ ಉಜ್ಜಿದವರ ಮೇಲೆಯೇ? ನಮ್ಮ ಕಡೆ ಆಯುಧ ಪೂಜೆಗೆ ಸ್ಕ್ರೂಡ್ರೈವರನ್ನೂ ತೊಳೆಯದೆ ಬಿಡುವುದಿಲ್ಲ. ಅವರು ಕೊಟ್ಟ ಕಡ್ಲೆಪುರಿ ಬಾಯಿಗೆ ಹಾಕಿಕೊಂಡೆ.

ನೀಲಿ ಅಲ್ಲಿಗೇ ನಿಂತಿತು. ಸೀಸೆಯಲ್ಲಿ ಉಳಿಸಿಕೊಂಡಿದ್ದ ಜೀವಿಗಳನ್ನು ಸುರಿದು ನೋಡಿದೆ, ಕಲ್ಲಿನಲ್ಲಿ ಉಳಿದ ಸೋಪಿಗೆ ಅವೂ ಹೋದವು. ಹೊಸದಾಗಿ ಸಾಕಲು ಮತ್ತೆ ತಿಂಗಳುಗಳೇ ಬೇಕು. ಮಾಲೀಕರು ಬರುವ ಹಿಂದಿನ ಸಂಜೆ ಅಕ್ಕ ನನ್ನ ಪಕ್ಕ ನಿಂತು ತೊಟ್ಟಿಯೊಳಗೆ ಬಗ್ಗಿ ನೋಡಿದರು.

“ಯಾಕ್ ಸಾರ್, ಬಣ್ಣ ಏರ್ತಾನೇ ಇಲ್ಲ?”

“ಗೊತ್ತಿಲ್ಲ ಅಕ್ಕ.” ನಿಜ ಹೇಳಿದರೆ ಇಬ್ಬರ ಕೆಲಸವನ್ನೂ ತಾವೇ ಕಳೆದೆವೆಂದು ಬದುಕಿಡೀ ಕೊರಗುತ್ತಾರೆ ಎಂದು ಭಯವಾಯಿತು.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನೀವ್ ಎದರ್ಬೇಡಿ ಸಾರ್. ನಾಳೀಕೆ ಅವ್ರು ಬರಕ್ ಮುಂಚೇನೆ ಬಂದು, ಇನ್ನೊಂದ್ ಕಿತ ಚೆಂದಾಗಿ ತೊಳ್ದುಬುಡ್ತೀನಿ.”

ನಾನು ಹೂಂ ಎಂದೆ.