ಅವರು ತುಂಬುತ್ತಿದ್ದ ಯಂತ್ರ

ನಮ್ಮ ಮನೆಯ ಭಾಂಡೆ ತೊಳೆಯುವ ಯಂತ್ರ ಕೈಕೊಟ್ಟದ್ದು ನನ್ನ ಗಂಡ ತೀರಿಕೊಂಡ ಎರಡನೆಯ ತಿಂಗಳಿಗೆ. ಮೊದಲ ತಿಂಗಳು ಬಂದಿದ್ದ ನೆಂಟರೇ ಪಾತ್ರೆ ತೊಳೆದಿಡುತ್ತಿದ್ದರು, ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ. ಕೈಕೊಟ್ಟಿತು ಎಂದರೆ ನಿಂತೇಹೋಯಿತು ಅಂತಲ್ಲ. ನೀರು ತುಂಬಿಕೊಳ್ಳುತ್ತಿತ್ತು, ಗುರುಗುಡುತ್ತಿತ್ತು, ಎರಡು ತಾಸಿನ ನಂತರ ಕೆಲಸ ಮುಗಿಯಿತೆಂದು ಶಿಸ್ತಾಗಿ ಸಿಳ್ಳು ಹಾಕುತ್ತಿತ್ತು. ಬಾಗಿಲು ತೆಗೆದರೆ ಬಿಸಿ ಹಬೆ ಮುಖಕ್ಕೆ ಬರುತ್ತಿತ್ತು. ಎಲ್ಲ ಮೊದಲಿನಂತೆಯೇ. ತಾಟನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಮಾತ್ರ ಅಂಚಿನಲ್ಲಿ ಬೇಳೆಯ ಹಳದಿ ಗೆರೆ, ನಡುವೆ ಒಣಗಿ ಕೂತ ಅನ್ನದ ಅಗುಳು. ಬಟ್ಟಲಿನ ತಳದಲ್ಲಿ ಶೇಂಗಾ ಚಟ್ನಿಯ ಜಿಡ್ಡು.

ನಾನು ಹಳಿಯಾಳದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ಯಾವುದೇ ತಪ್ಪನ್ನು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವಳು. ಹಾಗೆಯೇ ಮಾಡಿದೆ. ಮೊದಲು ಸೋಪಿನ ಪುಡಿ ಬದಲಿಸಿದೆ. ಆಮೇಲೆ ನಮ್ಮ ಬೋರಿನ ಗಡಸು ನೀರಿನ ಮೇಲೆ ಅನುಮಾನಪಟ್ಟು ಯಂತ್ರಕ್ಕೆ ಹಾಕುವ ಉಪ್ಪನ್ನು ಹೆಚ್ಚು ಮಾಡಿದೆ. ತಳದ ಜಾಲರಿಯನ್ನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಕೊನೆಗೆ ನಿಂಬೆಹಣ್ಣು ಕೂಡ ಹಿಂಡಿದೆ. ಪ್ರತಿ ಸಲವೂ ಅದು ಸಿಳ್ಳು ಹಾಕಿತು, ಪ್ರತಿ ಸಲವೂ ಹಳದಿ ಗೆರೆ ಹಾಗೇ ಇತ್ತು. ಪಾಸಾಗದಿದ್ದರೂ ಮುಂದಿನ ಬೆಂಚಿನಲ್ಲಿ ಬಂದು ಕೂರುವ ವಿದ್ಯಾರ್ಥಿಯನ್ನು ಕಂಡಂತೆ ನನಗೆ ಸಿಟ್ಟು ಬರುತ್ತಿತ್ತು.

ಇನ್ನೊಂದು ತೊಂದರೆ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಯಂತ್ರ ತುಂಬುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ, ಆದರೂ ಇಬ್ಬರಿದ್ದಾಗ, ಬಂದುಹೋಗುವವರ ಚಹಾದ ಕಪ್ಪೂ ಸೇರಿ, ಅದು ದಿನಕ್ಕೊಮ್ಮೆ ಹೇಗೋ ತುಂಬುತ್ತಿತ್ತು. ಒಬ್ಬಳ ಪಾತ್ರೆ ಎಷ್ಟು? ಒಂದು ತಾಟು, ಒಂದು ಬಟ್ಟಲು, ಒಂದು ಲೋಟ. ಅದು ತುಂಬಲೆಂದು ನಾಲ್ಕು ದಿನ ಕಾದರೆ ಮೊದಲ ದಿನದ ಎಂಜಲು ಗಾರೆಯಂತೆ ಗಟ್ಟಿಯಾಗುತ್ತಿತ್ತು. ಹಾಗಾಗಿ ಕಾಯುವುದನ್ನು ಬಿಟ್ಟು ದಿನಾಲೂ ಅರೆಖಾಲಿ ಯಂತ್ರವನ್ನೇ ಓಡಿಸಿದೆ. ಒಳಗೆ ಒಂದೇ ಒಂದು ಲೋಟ ಕಟಕಟ ಎನ್ನುವುದು ಹಾಲ್‌ವರೆಗೂ ಕೇಳುತ್ತಿತ್ತು.

ಪಕ್ಕದ ಮನೆಯಾಕೆ ಒಂದು ದಿನ ಕೊತ್ತಂಬರಿ ಕೇಳಲು ಬಂದವಳು ನಾನು ಬಗ್ಗಿ ತಾಟು ಪರೀಕ್ಷಿಸುತ್ತಿದ್ದುದನ್ನು ನೋಡಿದಳು.

"ಒಬ್ಬಾಕಿ ಊಟಕ್ಕ ಮಷಿನ್ ಯಾಕ್ರಿ ಟೀಚರ? ನಳದ ಕೆಳಗ ಹಿಡದ್ರ ಎರಡ ನಿಮಿಷದ ಕೆಲಸ."

ಮಾತು ಖರೆ ಇತ್ತು, ಅದಕ್ಕೇ ಮೈಯೆಲ್ಲ ಉರಿಯಿತು. ಕೊತ್ತಂಬರಿ ಇಲ್ಲವೆಂದು ಸುಳ್ಳು ಹೇಳಿ ಕಳಿಸಿದೆ.

ನಳದ ಕೆಳಗೆ ಹಿಡಿಯಲು ನನಗೂ ಬರುತ್ತದೆ. ನನ್ನ ಹಟ ಬೇರೆಯದೇ ಇತ್ತು. ನನ್ನ ಬಲಗೈ ಮಣಿಕಟ್ಟು ನೋಯತೊಡಗಿದ ವರ್ಷ ಈ ಯಂತ್ರ ತಂದಿದ್ದೆವು. ಬಂದ ದಿನವೇ ನಮ್ಮ ಮನೆಯವರು, "ಅಡಗಿ ನಿಂದು, ಮಷಿನ್ ನಂದು. ನೀ ಮುಟ್ಟಬ್ಯಾಡ," ಎಂದಿದ್ದರು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಜೀವಮಾನವೆಲ್ಲ ಮಷಿನ್ನಿನೊಂದಿಗೇ ಕಳೆದವರು, ನಿವೃತ್ತಿಯಾದ ಮೇಲೆ ಕೈ ತುರಿಸುತ್ತಿರಬೇಕು ಎಂದುಕೊಂಡು ನಕ್ಕಿದ್ದೆ. ಅಂದಿನಿಂದ ಊಟ ಮುಗಿದ ಮೇಲೆ ಅಡುಗೆಮನೆ ಅವರದು. ನಾನು ಹಾಲ್‌ನಲ್ಲಿ ಪೇಪರು ತಿದ್ದುತ್ತಲೋ ಧಾರಾವಾಹಿ ನೋಡುತ್ತಲೋ ಕೂರುತ್ತಿದ್ದೆ. ಅವರು ಹೋದ ಮೇಲೆ ಅವರ ಅಂಗಿಗಳನ್ನು ಕೊಟ್ಟೆ, ಸ್ಕೂಟರನ್ನು ಕೊಟ್ಟೆ. ಈ ಒಂದು ಕೆಲಸವಾದರೂ ಅವರದಾಗಿಯೇ ಉಳಿಯಲಿ ಎಂಬ ಆಸೆ ಇತ್ತು. ನಾನು ನಳದ ಕೆಳಗೆ ತಾಟು ಹಿಡಿದ ದಿನ ಈ ಮನೆ ಒಬ್ಬಳ ಮನೆ ಆಗಿಬಿಡುತ್ತದೆ ಎಂಬ ಹೆದರಿಕೆ.

ಆರು ಸಲ ಫೋನು ಮಾಡಿದ ಮೇಲೆ ಹುಬ್ಬಳ್ಳಿಯಿಂದ ರಿಪೇರಿಯವನು ಬಂದ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಒಂದೊಂದೇ ಭಾಗ ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ. ನೀರು ಚಿಮ್ಮುವ ತೂತುಗಳಲ್ಲಿ ಎರಡು ಸಾಸಿವೆಕಾಳು ಸಿಕ್ಕವು, ಅಷ್ಟೇ. ಪಂಪು ಸರಿ ಇತ್ತು, ನೀರು ಕಾಯುತ್ತಿತ್ತು. ಎಲ್ಲ ಮರಳಿ ಜೋಡಿಸಿ ಬೆಳಗಿನ ತಾಟು ಹಾಕಿ ಓಡಿಸಿದೆವು. ಹಳದಿ ಗೆರೆ ಹೋಗಲಿಲ್ಲ.

"ಮಷಿನ್ನಿನ ತಪ್ಪಿಲ್ರಿ ಮೇಡಮ್ಮರ," ಎಂದ ಅವನು ಕೈ ಒರೆಸಿಕೊಳ್ಳುತ್ತ. "ಭಾಂಡಿ ಹಾಕೂದ್ರಾಗ ಏನೋ ಫರಕ್ ಆಗೇತಿ. ಮೊದಲ ಯಾರು ಹಾಕ್ತಿದ್ರು?"

"ನಮ್ಮ ಮನಿಯವ್ರು."

"ಹಂಗಾರ ಅವ್ರನ್ನ ಕೇಳ್ರಿ. ಎಲ್ಲಿ ಅದಾರ?"

"ಊರಾಗಿಲ್ಲ," ಎಂದೆ.

"ಬಂದ ಮ್ಯಾಲ ಕೇಳ್ರಿ," ಎಂದು ಚೀಲ ಹೆಗಲಿಗೇರಿಸಿ ಹೊರಟ.

ಯಾಕೆ ಹಾಗೆ ಹೇಳಿದೆನೋ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅಲ್ಲಿಯೇ ನಿಂತೆ. ಊರಲ್ಲಿಲ್ಲ ಎಂದಾಗ ಬಾಯಿಗೆ ಎಷ್ಟು ಹಿತವಾಗಿತ್ತು ಎಂದರೆ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ. ಆಮೇಲೆ ಅಳು ಬಂತು.

ಅವರನ್ನು ಬಿಟ್ಟರೆ ಕೇಳಲು ಇನ್ನೊಬ್ಬರೇ ಇದ್ದರು. ಸಾಂಬ್ರಾಣಿ ಎಂಬ ಊರಿನಲ್ಲಿರುವ, ಅವರು ಆಗಾಗ ಹೋಗಿ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದ ಅವರ ಅಕ್ಕ. ಕ್ರಿಯಾಕರ್ಮ ಮುಗಿದ ಮೇಲೆ ನಾನು ಅತ್ತ ಹಾಯ್ದಿರಲಿಲ್ಲ. ಅವರೂ ಬಂದಿರಲಿಲ್ಲ. ಭಾನುವಾರ ಬಸ್ಸು ಹತ್ತಿದೆ. ಭಾಂಡೆಯ ಮಷಿನ್ನಿನ ಸಲುವಾಗಿ ಗಂಡನ ಅಕ್ಕನ ಮನೆಗೆ ಹೊರಟ ಹೆಂಗಸು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅಕ್ಕಾರು ನನ್ನನ್ನು ನೋಡಿ ಯಾಕೆ ಬಂದೆ ಎಂದು ಕೇಳಲಿಲ್ಲ. ರೊಟ್ಟಿ ಬಡಿದರು. ಬದನೆಕಾಯಿ ಪಲ್ಯ, ಬೇಳೆಸಾರು, ಅನ್ನ, ಮೊಸರು. ಇಬ್ಬರೂ ಪಡಸಾಲೆಯಲ್ಲಿ ಕೂತು ಉಂಡೆವು. ಊಟದ ನಡುವೆ ನನ್ನ ಯಂತ್ರದ ಕತೆ ಎಲ್ಲ ಹೇಳಿದೆ. ಊರಲ್ಲಿಲ್ಲ ಎಂದದ್ದನ್ನೂ ಹೇಳಿದೆ. ಅವರು ಹ್ಞೂಂ ಹ್ಞೂಂ ಎನ್ನುತ್ತ ಕೇಳಿದರು. ಕೊನೆಯ ತುತ್ತಾದ ಮೇಲೆ ಲೋಟದ ನೀರನ್ನು ತಾಟಿಗೆ ಸುರಿದುಕೊಂಡು, ಬೆರಳಿನಿಂದ ಅಂಚನ್ನೆಲ್ಲ ಬಳಿದು, ತಾಟನ್ನೆತ್ತಿ ಆ ನೀರನ್ನು ಕುಡಿದರು. ಆ ಮನೆತನದಲ್ಲಿ ಅದು ಹಿಂದಿನಿಂದ ಬಂದದ್ದು. ಉಂಡದ್ದು ಶಿವನ ಪ್ರಸಾದ, ಒಂದು ಅಗುಳೂ ಮೋರಿಗೆ ಹೋಗಬಾರದು.

ತಾಟನ್ನು ಕೆಳಗಿಟ್ಟು ಅವರು ಅಂದರು: "ನನಗ ಮಷಿನ್ ಗೊತ್ತಿಲ್ಲವಾ. ಆದ್ರ ಅವನ ತಾಟಿನ್ಯಾಗ ತೊಳಿಯಾಕ ಏನ್ ಉಳಿತಿತ್ತು?"

"ಅವ್ರು ಅದನ್ನ ಬಿಟ್ಟಿದ್ರಲ್ರಿ ಅಕ್ಕಾರ."

"ಬಿಟ್ಟಿದ್ದ ಅಂತ ಯಾರ್ ಹೇಳಿದ್ರು? ನಿನ್ನ ಮುಂದ ಬಿಟ್ಟಿದ್ದ. ಅಡಗಿಮನ್ಯಾಗ ನಿಂತ ಕುಡಿತಿದ್ದ. ಮಷಿನ್ ಬಂದದ್ದ ಛಲೋ ಆತಕ್ಕ, ತಾಟ ತಗೊಂಡ ಒಳಗ ಹೋಗಾಕ ಒಂದ ನೆಪಾ ಸಿಕ್ತು ಅಂತ ಇಲ್ಲೇ ಕುಂತ ನಗತಿದ್ದ."

ನಾನು ನನ್ನ ತಾಟನ್ನು ನೋಡಿದೆ. ಅದರಲ್ಲಿ ಪಲ್ಯದ ಎಣ್ಣೆ, ಸಾರು, ನಾಲ್ಕು ಅಗುಳು.

ನಾನೂ ಲಿಂಗವಂತರ ಮನೆಯ ಮಗಳೇ. ಆದರೆ ಧಾರವಾಡದ ನಮ್ಮ ಮನೆಯಲ್ಲಿ ಆ ಪದ್ಧತಿ ಅಜ್ಜನ ಕಾಲಕ್ಕೇ ಮುಗಿದಿತ್ತು. ಯಂತ್ರ ತರುವುದಕ್ಕೆ ಒಂದು ವರ್ಷ ಮೊದಲು ನಮ್ಮ ಶಾಲೆಯ ನಾಲ್ಕು ಜನ ಟೀಚರರನ್ನು ಊಟಕ್ಕೆ ಕರೆದಿದ್ದೆ. ಊಟದ ಕೊನೆಗೆ ನಮ್ಮ ಮನೆಯವರು ತಾಟಿಗೆ ನೀರು ಸುರಿದು, ಬಳಿದು, ಕುಡಿದರು. ಒಬ್ಬಾಕೆ ಇನ್ನೊಬ್ಬಾಕೆಯ ಮುಖ ನೋಡಿ ತುಟಿ ಕಚ್ಚಿ ನಗು ತಡೆದಳು. ಅದು ನನ್ನ ಕಣ್ಣಿಗೆ ಬಿತ್ತು. ಎಲ್ಲರೂ ಹೋದ ಮೇಲೆ ಇವರಿಗೆ, "ಮಂದಿ ಮುಂದ ಹಂಗ ಮಾಡಬ್ಯಾಡ್ರಿ, ನನಗ ನಾಚಿಕಿ ಬರ್ತೈತಿ," ಎಂದೆ. ತರಗತಿಯಲ್ಲಿ ತಪ್ಪು ಮಾಡಿದವರಿಗೆ ಹೇಳುವ ದನಿಯಲ್ಲೇ ಹೇಳಿದೆ. ಇವರು "ಆತು" ಎಂದರು. ಮಂದಿ ಮುಂದೆ ಎಂದು ನಾನು ಹೇಳಿದ್ದು. ಮರುದಿನದಿಂದ ನನ್ನ ಮುಂದೆಯೂ ಬಿಟ್ಟರು. ನಾನು ಹೇಳಿದ್ದನ್ನು ಎಷ್ಟು ಬೇಗ ತಿದ್ದಿಕೊಂಡರು ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ನಾನೂ ಒಬ್ಬಳು ಮಂದಿಯಾಗಿಬಿಟ್ಟೆ ಎಂಬುದು ಹೊಳೆಯಲೇ ಇಲ್ಲ.

ಮರಳಿ ಬರುವ ಬಸ್ಸಿನಲ್ಲಿ ಇನ್ನೊಂದು ನೆನಪಾಯಿತು. ಅಡುಗೆಮನೆಯಲ್ಲಿ ನಳ ಸುರಿಯುವ ಸದ್ದಿಗೆ ನಾನು ಹಾಲ್‌ನಿಂದಲೇ, ಮಷಿನ್ ಇರೋದು ನೀರು ಉಳಿಸಾಕ್ರಿ, ಎಂದು ಕೂಗುತ್ತಿದ್ದೆ. "ಕೈ ತೊಳ್ಕೊಳ್ಳಾಕತ್ತೇನಿ," ಎನ್ನುತ್ತಿದ್ದರು. ಅಷ್ಟು ಹೊತ್ತು ಯಾರು ಕೈ ತೊಳೆಯುತ್ತಾರೆ? ತಮ್ಮ ತಾಟಿನ ನೀರು ಕುಡಿದು, ನನ್ನ ತಾಟನ್ನೂ ನಳಕ್ಕೆ ಹಿಡಿದು, ಚೊಕ್ಕ ಮಾಡಿಯೇ ಯಂತ್ರಕ್ಕೆ ಇಡುತ್ತಿದ್ದರು. ಐದು ವರ್ಷ ಆ ಯಂತ್ರ ತೊಳೆದ ಪಾತ್ರೆಯನ್ನೇ ತೊಳೆದಿತ್ತು. ಅದನ್ನು ನಾನು ಶಾಲೆಯಲ್ಲಿ ಎಲ್ಲರೆದುರು ಹೊಗಳಿದ್ದೆ.

ಮನೆಗೆ ಬಂದು ಅಡುಗೆ ಮಾಡಿ ಉಂಡು ನಳದ ಕೆಳಗೆ ತಾಟು ಹಿಡಿದೆ. ಯಾವ ಕೆಲಸಕ್ಕೆ ಅಷ್ಟು ಹೆದರಿದ್ದೆನೋ ಅದು ನಿಜಕ್ಕೂ ಎರಡು ನಿಮಿಷದ್ದೇ. ಅಂಚಿನ ಸಾರೆಲ್ಲ ಹೋಗುವವರೆಗೆ ಬೆರಳಾಡಿಸಿ ಯಂತ್ರಕ್ಕಿಟ್ಟೆ. ಅದು ಓಡುವಷ್ಟು ಹೊತ್ತು ಎದುರಿಗೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ತಾಟು ಹೊಲಸಾಗಿಯೇ ಬರಲಿ ಎಂದು ಮನಸ್ಸು ಬಯಸುತ್ತಿತ್ತು. ಹೊಲಸಾಗಿ ಬಂದರೆ ಅಕ್ಕಾರು ಹೇಳಿದ್ದು ಸುಳ್ಳು, ತಪ್ಪು ಯಂತ್ರದ್ದು, ಇನ್ನೊಬ್ಬ ರಿಪೇರಿಯವನನ್ನು ಕರೆದರಾಯಿತು. ಸಿಳ್ಳು ಹಾಕಿತು. ಬಾಗಿಲು ತೆಗೆದೆ. ತಾಟು ಹೊಸದರಂತೆ ಬಂದಿತ್ತು.

ಅಕ್ಕಾರಿಗೆ ಫೋನು ಮಾಡಿದೆ.

"ತಾಟ ಸ್ವಚ್ಛ ಬಂತ್ರಿ."

"ಛಲೋ ಆತು."

ಬಸ್ಸಿನುದ್ದಕ್ಕೂ ಕೇಳಬೇಕೆಂದುಕೊಂಡು ಬಂದಿದ್ದನ್ನು ಕೊನೆಗೆ ಕೇಳಿದೆ: "ಅಕ್ಕಾರ, ಅವ್ರಿಗೆ ನನ್ನ ಮ್ಯಾಲ ಸಿಟ್ಟಿತ್ತೇನ್ರಿ?"

"ಹುಚ್ಚಿ! ಸಿಟ್ಟಿದ್ರ ಒಳಗ ಯಾಕ ಹೋಗತಿದ್ದ? ನಿನ್ನ ಮುಂದ ಕುಂತ ಗಟಗಟ ಕುಡಿತಿದ್ದ."

ಸಮಾಧಾನ ಮಾಡಲೆಂದೇ ಅವರು ಹಾಗಂದರು, ಮತ್ತು ಅದು ಖರೆಯೂ ಹೌದು. ಫೋನಿಟ್ಟು, ಆ ತಾಟನ್ನು ಮಡಿಲಲ್ಲಿಟ್ಟುಕೊಂಡು ಅದೇ ಸ್ಟೂಲಿನ ಮೇಲೆ ಕೂತೆ. ಅಡುಗೆಮನೆಗೂ ಹಾಲ್‌ಗೂ ನಡುವೆ ಹತ್ತು ಹೆಜ್ಜೆಯೂ ಇಲ್ಲ. ಐದು ವರ್ಷ ಅವರು ಇಲ್ಲಿ ಒಬ್ಬರೇ ನಿಂತು ಊಟ ಮುಗಿಸಿದ್ದರು. ಒಂದು ದಿನ ಸಿಟ್ಟು ಮಾಡಿದ್ದರೂ, ನನ್ನ ಮಾತೇ ಅವರನ್ನು ಇಲ್ಲಿಗೆ ಕಳಿಸಿತ್ತು ಎಂದು ನನಗೆ ಗೊತ್ತಾಗುತ್ತಿತ್ತು.