ಹಲ್ಲುನೋವಿನ ಚೀಟಿ

ಗುಟ್ಟು ಕಾಯುವುದರಲ್ಲಿ ಇಡೀ ರಾನಿಡಾಂಡಾ ಊರಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ. ಇಪ್ಪತ್ತು ವರ್ಷದ ಹಿಂದೆ ನನ್ನ ಹೊಟ್ಟೆಗೆ ಬಿದ್ದ ಗುಟ್ಟಿಗೆ ಇನ್ನೂ ತಳ ಸಿಕ್ಕಿಲ್ಲ, ಇಳಿಯುತ್ತಲೇ ಇದೆ. ಆರೋಗ್ಯ ಚೌಕಿಯ ಬಾಗಿಲು ತೆಗೆದು, ಕಸ ಗುಡಿಸಿ, ಕಿಟಕಿಯಲ್ಲಿ ಕೂತು ಚೀಟಿ ಬರೆಯುವ ಧನಬೀರನ, ಅಂದರೆ ನನ್ನ, ಬಗ್ಗೆ ಹೀಗೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲ.

ನಮ್ಮ ನರ್ಸು ಪೂರ್ಣಕಲಿ ಪುನ್. ನಾವೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತೇವೆ, ಅವಳು ನನ್ನನ್ನು ದಾಜು, ಅಣ್ಣ ಎನ್ನುತ್ತಾಳೆ. ಎಷ್ಟು ಕುಳ್ಳಿಯೆಂದರೆ ಜೋಳದ ಹೊಲದೊಳಗೆ ಬಂದರೆ ಛತ್ರಿಯೊಂದೇ ನಡೆದು ಬಂದಂತೆ ಕಾಣುತ್ತದೆ. ಡಾಕ್ಟರಿರುವ ಊರಿಗೆ ಜೀಪಿನಲ್ಲಿ ಆರು ಗಂಟೆ, ಗುಡ್ಡ ಕುಸಿದರೆ ಆರು ಜನ್ಮ. ಹಾಗಾಗಿ ಬಸಿರು ಬೇಡವೆಂದು ಬರುವ ಹೆಂಗಸರನ್ನು ತರಬೇತಿಯಾದ ಅವಳೇ ನೋಡುತ್ತಾಳೆ. ತಾರೀಖು ಯಾರಿಗೂ ನೆನಪಿರುವುದಿಲ್ಲ. "ತೀಜ್ ಹಬ್ಬದ ದಿನ ಒಳಗಿದ್ಯಾ, ಹೊರಗೆ ಕೂತಿದ್ಯಾ?" ಎಂದು ಕೇಳಿ ವಾರ ಎಣಿಸುತ್ತಾಳೆ.

ಮೊದಲ ಮಾತ್ರೆಯನ್ನು ಅವಳೆದುರೇ ನುಂಗಬೇಕು. ಮಾರನೆಯ ದಿನ ಮನೆಯಲ್ಲಿ ಇನ್ನೂ ನಾಲ್ಕನ್ನು ಎರಡೂ ದವಡೆಗೆ ಒತ್ತರಿಸಿಕೊಂಡು ಅರ್ಧ ಗಂಟೆ ಬಾಯಿ ಮುಚ್ಚಿ ಕೂರಬೇಕು. ಸೊಸೆ ಅರ್ಧ ಗಂಟೆ ಮಾತಾಡದಿದ್ದರೆ ಮನೆಯವರಿಗೆ ಕಾರಣ ಬೇಕಲ್ಲ? ಅದಕ್ಕೆ ಸಿಸ್ಟರ್ ಹಲ್ಲುನೋವನ್ನು ಕಂಡುಹಿಡಿದಳು. ಹೆಂಗಸರು ಕಿಟಕಿಗೆ ಬಂದು "ಹಲ್ಲುನೋವು" ಎನ್ನುವುದು, ನಾನು ಚೀಟಿಯಲ್ಲಿ ಅದನ್ನೇ ಬರೆಯುವುದು. ಎರಡು ವರ್ಷ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ.

ಕಳೆದ ಕಾರ್ತೀಕದ ಒಂದು ಭಾನುವಾರ ತುಲ್ಸಾ ಬಂದಳು. ಮೂರು ಹೆಣ್ಣುಮಕ್ಕಳ ತಾಯಿ. ಅತ್ತೆ ನಾಲ್ಕನೆಯದಕ್ಕೆ ಗಂಡು ಹೆಸರು ಹುಡುಕಿಟ್ಟು ಕಾಯುತ್ತಿದ್ದಳು. ತುಲ್ಸಾಳಿಗೆ ಸಾಕಾಗಿತ್ತು. "ಹಲ್ಲುನೋವು" ಎಂದಳು, ಬರೆದೆ.

ಸೋಮವಾರ ಮಧ್ಯಾಹ್ನ ಚಹಾ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ನಾಲ್ಕು ಜನ ಕೂತರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಊರಿನ ಹೆಂಗಸ್ರಿಗೆಲ್ಲ ಹಲ್ಲುನೋವು ಕಣ್ರೋ! ಗಂಡಸ್ರಿಗೊಂದೂ ಇಲ್ಲ, ಯಾಕೆ ಹೇಳಿ? ಈ ಹಲ್ಲು ಹುಟ್ಸೋದೇ ಗಂಡಸ್ರು! ಹತ್ತು ವಾರದೊಳಗೆ ಕೀಳಿಸ್ಬೇಕಂತೆ, ತಡವಾದ್ರೆ ಅಳೋಕೆ ಶುರು ಮಾಡ್ತದಂತೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಬೆನ್ನ ಹಿಂದೆ ಒಬ್ಬಳು ನಗಲಿಲ್ಲ. ತಿರುಗಿದರೆ ತುಲ್ಸಾಳ ಅತ್ತೆ. ಸೊಸೆಯ ಹಲ್ಲಿಗೆಂದು ಲವಂಗ ಕೊಳ್ಳಲು ಬಂದಿದ್ದಳು. ಕಟ್ಟಿಸಿದ ಪೊಟ್ಟಣವನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತತೊಡಗಿದಳು.

ಆಗ ಓಡಿ ಅವಳನ್ನು ತಡೆಯಬಹುದಿತ್ತು. ನಾನು ಚಹಾ ಮುಗಿಸಿದೆ. ಇದನ್ನು ಬರೆಯುವಾಗಲೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮನೆಯಲ್ಲಿ ತುಲ್ಸಾ ಮಾತ್ರೆಯಿಟ್ಟುಕೊಂಡು ಆಗಷ್ಟೇ ಕೂತಿದ್ದಳಂತೆ. ಅತ್ತೆ "ಬಾಯಿ ಬಿಡು" ಎಂದು ದವಡೆಗೆ ಬೆರಳು ಹಾಕಿ ನಾಲ್ಕನ್ನೂ ತೆಗೆದು ಒಲೆಗೆಸೆದಳು. ಪಕ್ಕದ ಮನೆಯವಳು ಚೌಕಿಗೆ ಓಡಿಬಂದು ಸುದ್ದಿ ಮುಟ್ಟಿಸಿದಳು. ಸಿಸ್ಟರ್ ಇನ್ನೊಂದು ಪೊಟ್ಟಣ ತೆಗೆದುಕೊಂಡು ಹೊರಟಳು. ನಾನು ಚೀಲಕ್ಕೆ ಕೈ ಚಾಚಿದೆ, ಕೊಡಲಿಲ್ಲ. ಆದರೂ ಹಿಂದೆಯೇ ಹೋಗಿ ಅಂಗಳದಲ್ಲಿ ನಿಂತೆ.

ಒಳಗೆ ಅತ್ತೆ ಕಿರುಚುತ್ತಿದ್ದಳು. "ಗಂಡಾಗಿದ್ರೆ?"

"ಹೊಟ್ಟೆ ನಿಮ್ಮದಾಗಿದ್ರೆ ನಿಮ್ಮನ್ನೇ ಕೇಳ್ತಿದ್ದೆ, ಆಮಾ. ಅವಳದು. ಅವಳನ್ನೇ ಕೇಳಿದೀನಿ," ಎಂದಳು ಸಿಸ್ಟರ್.

ತುಲ್ಸಾ ಮತ್ತೆ ಮಾತ್ರೆ ಇಟ್ಟುಕೊಂಡಳು. ಸಿಸ್ಟರ್ ಅವಳಿಗೂ ಅತ್ತೆಗೂ ನಡುವೆ ಕೂತಳು. ನೋವು ಬಂದು, ರಕ್ತ ಹೋಗಿ, ಎಲ್ಲ ನೆಟ್ಟಗಾಗುವ ತನಕ ಏಳಲಿಲ್ಲ.

ಎರಡು ವಾರದ ಮೇಲೆ ತುಲ್ಸಾ ತಪಾಸಣೆಗೆ ಬಂದಳು.

"ಏನಂತ ಬರೀಲಿ?" ಎಂದೆ, ತಲೆಯೆತ್ತದೆ.

"ಚಹಾ ಅಂಗಡೀಲಿ ಏನಂದ್ಯೋ ಅದನ್ನೇ ಬರಿ."

ಚೀಟಿಯನ್ನು ಖಾಲಿ ಬಿಟ್ಟೇ ಕೊಟ್ಟೆ. ಈಗ ಯಾವ ಹೆಂಗಸೂ ನನ್ನ ಕಿಟಕಿಗೆ ಬರುವುದಿಲ್ಲ. ಹಿಂದಿನ ಜೋಳದ ಹೊಲದಲ್ಲಿ ಸುತ್ತಿ, ಕೆಸರು ತುಳಿದು, ಸಿಸ್ಟರ್ ಕೋಣೆಯ ಹಿತ್ತಿಲ ಬಾಗಿಲು ತಟ್ಟುತ್ತಾರೆ. ಮುಂದಿನ ಬಾಗಿಲು ಗುಡಿಸುವವನು ನಾನು. ಅಲ್ಲಿ ಕಸವೂ ಬೀಳುವುದಿಲ್ಲ.

ಒಂದು ಸಂಜೆ ತಡೆಯಲಾರದೆ ಕೇಳಿದೆ. "ತಪ್ಪಾಯ್ತು ಸಿಸ್ಟರ್. ನನ್ನ ಬಾಯಿಗೂ ಏನಾದ್ರೂ ಔಷಧಿ ಕೊಡು."

ಅವಳು ಕೈ ತೊಳೆಯುತ್ತಿದ್ದಳು. ತಿರುಗಲಿಲ್ಲ.

"ಆ ಹುಡುಗಿ ಬಾಯ್ತುಂಬ ಮಾತ್ರೆ ಇಟ್ಕೊಂಡು ಸುಮ್ನೆ ಕೂತಿದ್ಲು. ನಿಮ್ಮ ಬಾಯಲ್ಲಿ ಏನೂ ಇರ್ಲಿಲ್ವಲ್ಲ ದಾಜು, ನಿಮಗೇನಾಗಿತ್ತು?"